ಟಿವಿ ಹಚ್ಚಿದರೆ ಮನೆಯ ವೈಫೈ ಯಾಕೆ ಬೀಳುತ್ತದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬೆರಳು ಮಾಡಿ ತೋರಿಸುವುದು ಒಂದನ್ನೇ: ನೆಟ್‌ನಿಂದ ಚಿತ್ರ ಎಳೆದು ತೋರಿಸಲು ಟಿವಿಯ ಬೆನ್ನಿಗೆ ಸಿಕ್ಕಿಸಿದ ಸ್ಟಿಕ್, ಇಲ್ಲವೇ ಟಿವಿಯ ಕೆಳಗೆ ಕೂತ ಪುಟ್ಟ ಬಾಕ್ಸ್. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಕೆಲವನ್ನು ಇಲ್ಲಿ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ದು 100 ಎಂಬಿಪಿಎಸ್ ಫೈಬರ್. ಟಿವಿ ಹಚ್ಚಿದ ಕೂಡಲೇ ಎಲ್ಲಾರ ಮೊಬೈಲ್‌ನಾಗೂ ನೆಟ್ ಗಿರಿಗಿರಿ ತಿರಗಾಕ ಹತ್ತತೈತಿ, ವಾಟ್ಸಾಪ್ ಕಾಲ್ ತುಂಡು ತುಂಡಾಗಿ ಕೇಳತೈತಿ. ಟಿವಿ ಬಂದ್ ಮಾಡಿದ್ರ ಎಲ್ಲಾ ಚಲೋ. ಲೈನಿನವ್ರು ಬಂದು ನೋಡಿ, ‘ನಮ್ಮ ಕಡೆ ಏನೂ ತೊಂದ್ರಿ ಇಲ್ಲ’ ಅಂದ್ರು. 300ರ ಪ್ಲಾನಿಗೆ ಹೋಗೂದೊಂದ ದಾರಿ ಏನು?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಪ್ಲಾನ್ ಏರಿಸಬೇಡಿ, ಏರಿಸಿದರೂ ಈ ತೊಂದರೆ ಹೋಗುವುದಿಲ್ಲ. ನೆಟ್‌ಫ್ಲಿಕ್ಸ್ ತನ್ನ 4ಕೆ ಚಿತ್ರಕ್ಕೆ ಕೇಳುವುದು 15 ಎಂಬಿಪಿಎಸ್, 1080ಪಿ ಚಿತ್ರಕ್ಕೆ ಬರೀ 5. ನಿಮ್ಮ 100ರಲ್ಲಿ ಅದು ಲೆಕ್ಕಕ್ಕಿಲ್ಲ. ಲೈನಿನವರು ಹೇಳಿದ್ದೂ ಬಹುಶಃ ಸುಳ್ಳಲ್ಲ. ಖಾತ್ರಿಯಾಗಬೇಕಾದರೆ ಟಿವಿಯಲ್ಲಿ ಚಿತ್ರ ಓಡುತ್ತಿರುವಾಗಲೇ ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್‌ನಿಂದ ರೂಟರ್‌ಗೆ ಜೋಡಿಸಿ ವೇಗ ನೋಡಿ. ಕೇಬಲ್‌ನಲ್ಲಿ 80-90 ಬಂದು, ಅದೇ ಗಳಿಗೆಯಲ್ಲಿ ಪಕ್ಕದಲ್ಲೇ ಇಟ್ಟ ಮೊಬೈಲ್‌ನಲ್ಲಿ 5-10 ಬಂದರೆ ಲೈನ್ ಸರಿಯಿದೆ, ಕೆಟ್ಟಿರುವುದು ನಿಮ್ಮ ಮನೆಯೊಳಗಿನ ವೈಫೈ.

ಕೆಡುವುದು ಹೀಗೆ. ವೈಫೈ ಒಂದು ಚಾನೆಲ್‌ನಲ್ಲಿ (ಟಿವಿ ಚಾನೆಲ್ ಅಲ್ಲ, ರೇಡಿಯೊ ಅಲೆಯ ಹಾದಿ) ಒಂದು ಹೊತ್ತಿಗೆ ಒಬ್ಬರಿಗೇ ಮಾತಾಡಲು ಬಿಡುತ್ತದೆ. ದುರ್ಗದ ಬೈಲಿನ ಸಂದಿಯಲ್ಲಿ ಮುಂದೆ ಚಕ್ಕಡಿ ಹೊರಟರೆ ಹಿಂದಿನ ಬೈಕು ಎಷ್ಟು ಸಿಸಿಯದಾದರೇನು, ಚಕ್ಕಡಿಯ ನಡಿಗೆಯೇ ಎಲ್ಲರ ನಡಿಗೆ. ರೂಟರ್ ಹತ್ತಿರವಿದ್ದರೆ ವೈಫೈನ ಎರಡು ಮುಖ್ಯ ಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಒಂದು ಆಂಟೆನಾದ ಸಾಧನ 72 ಎಂಬಿಪಿಎಸ್ ಲಿಂಕ್ ಹಿಡಿಯುತ್ತದೆ. ಸಿಗ್ನಲ್ ಸೊರಗಿದಂತೆ ಅದು 13ಕ್ಕೆ, ಕೊನೆಗೆ 6.5ಕ್ಕೆ ಇಳಿಯುತ್ತದೆ. ಈ ಅಂಕಿಯಲ್ಲಿ ನಿಜವಾಗಿ ಕೈಗೆ ಸಿಗುವುದು ಸುಮಾರು ಅರ್ಧ. ಅಂದರೆ 13ರ ಲಿಂಕ್‌ನಲ್ಲಿ ಸಿಗುವುದು ಆರೂವರೆ, ಅದರಲ್ಲಿ 5 ಎಂಬಿಪಿಎಸ್ ಚಿತ್ರಕ್ಕೇ ಹೋಯಿತು. ಹೊತ್ತಿನ ಮುಕ್ಕಾಲು ಪಾಲನ್ನು ಸ್ಟಿಕ್ ಒಂದೇ ನುಂಗಿತು, ಉಳಿದ ಕಾಲು ಪಾಲಿನಲ್ಲಿ ಮನೆಯ ಅಷ್ಟೂ ಮೊಬೈಲ್‌ಗಳು ಗುದ್ದಾಡಬೇಕು.

ಸ್ಟಿಕ್‌ಗೆ ಸಿಗ್ನಲ್ ಯಾಕೆ ಸಿಗುತ್ತಿಲ್ಲ ಎಂದು ತಿಳಿಯಲು ಟಿವಿಯ ಹಿಂದೆ ಟಾರ್ಚ್ ಹಾಕಿ ನೋಡಿ. ಒಂದು ಕಡೆ ಟಿವಿಯ ಪ್ಯಾನೆಲ್ ಹಿಡಿದಿರುವ ಲೋಹದ ತಗಡು, ಇನ್ನೊಂದು ಕಡೆ ಗೋಡೆ, ನಡುವೆ ನಾಲ್ಕು ಬೆರಳು ಜಾಗ. ಎಚ್‌ಡಿಎಂಐ ಪೋರ್ಟ್‌ಗೆ ನೇರ ಚುಚ್ಚಿದ ಸ್ಟಿಕ್ ಅಲ್ಲಿ ಉಸಿರು ಕಟ್ಟಿ ಕೂತಿರುತ್ತದೆ. ಪಕ್ಕದ ಪೋರ್ಟ್‌ನಲ್ಲಿ ಯುಎಸ್‌ಬಿ 3.0 ಪೆನ್‌ಡ್ರೈವ್ ಅಥವಾ ಹಾರ್ಡ್ ಡಿಸ್ಕ್ ಇದ್ದರೆ ಇನ್ನೂ ಕಷ್ಟ. ಯುಎಸ್‌ಬಿ 3.0ರ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೇ ಬೀಳುತ್ತದೆ ಎಂದು ಇಂಟೆಲ್ 2012ರಲ್ಲೇ ಅಳತೆ ಸಮೇತ ಬರೆದಿಟ್ಟಿದೆ.

ಮೊದಲು ಆ ಪೆನ್‌ಡ್ರೈವ್ ಕಿತ್ತು ಬದಿಗಿಡಿ. ಬಳಿಕ ಸ್ಟಿಕ್‌ನ ಡಬ್ಬಿಯಲ್ಲಿ ಗೇಣುದ್ದದ ಎಚ್‌ಡಿಎಂಐ ಎಕ್ಸ್‌ಟೆಂಡರ್ ಇದೆಯೇ ಹುಡುಕಿ. ಹೆಚ್ಚಿನವರು ಅದನ್ನು ಡಬ್ಬಿಯಲ್ಲೇ ಬಿಟ್ಟಿರುತ್ತಾರೆ. ಅದನ್ನು ಹಾಕಿ ಸ್ಟಿಕ್ ಟಿವಿಯ ಅಂಚಿನಿಂದ ಎರಡು ಬೆರಳು ಹೊರಗೆ ಇಣುಕುವಂತೆ ಡಬಲ್ ಟೇಪ್‌ನಿಂದ ಅಂಟಿಸಿ. ನೋಡಲು ಚೆಂದ ಕಾಣದು, ಕೆಲಸ ಆಗುತ್ತದೆ. ಅಮೆಜಾನ್‌ನ ಫೈರ್ ಟಿವಿ ಸ್ಟಿಕ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್‌ಗೆ ಹೋಗಿ ನಿಮ್ಮ ವೈಫೈ ಹೆಸರಿನ ಮೇಲೆ ನಿಂತು ಪ್ಲೇ/ಪಾಸ್ ಗುಂಡಿ ಒತ್ತಿದರೆ ಸಿಗ್ನಲ್ ಹೇಗಿದೆ ಎಂದು ತೋರಿಸುತ್ತದೆ, ಅಲ್ಲೇ ವೇಗದ ಪರೀಕ್ಷೆಯೂ ಇದೆ. ಎಕ್ಸ್‌ಟೆಂಡರ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ.

ಆಮೇಲೆ ವೈಫೈನ ಇನ್ನೊಂದು ಪಟ್ಟಿ, 5 ಗಿಗಾಹರ್ಟ್ಸ್. ರೂಟರ್‌ನಲ್ಲಿ ಎರಡೂ ಪಟ್ಟಿಗೆ ಒಂದೇ ಹೆಸರಿದ್ದರೆ ಸ್ಟಿಕ್ ಎಷ್ಟೋ ಸಲ 2.4ಕ್ಕೇ ಜೋತುಬೀಳುತ್ತದೆ. ಹೆಸರು ಬೇರೆ ಬೇರೆ ಮಾಡಿ, ಸ್ಟಿಕ್‌ನಲ್ಲಿ 2.4ರ ಹೆಸರನ್ನು ‘ಫರ್ಗೆಟ್’ ಮಾಡಿ, 5ರದ್ದನ್ನಷ್ಟೇ ಕೊಡಿ. ಸ್ಟಿಕ್‌ನ ರಿಮೋಟ್ ಬ್ಲೂಟೂತ್‌ನದು, ಅದು ಓಡುವುದೂ 2.4ರಲ್ಲೇ. ಹಾಗಾಗಿ ಚಿತ್ರ 5ಕ್ಕೆ ಹೋದರೆ ಗುಂಡಿ ಒತ್ತಿ ಕಾಯುವ ಕಿರಿಕಿರಿಯೂ ತಗ್ಗುತ್ತದೆ.

ಕೊನೆಯದು ವಿದ್ಯುತ್ತು. ಟಿವಿಯ ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು ಅರ್ಧ ಆಂಪಿಯರ್ ಮಾತ್ರ, ಸ್ಟಿಕ್‌ನ ಅಡಾಪ್ಟರ್ ಮೇಲೆ ಬರೆದಿರುವುದು 1 ಆಂಪಿಯರ್. ಅರೆಹೊಟ್ಟೆಯಲ್ಲಿರುವ ಸ್ಟಿಕ್ ವೈಫೈಗೆ ಜೋರು ಬಿದ್ದಾಗ ತಾನೇ ರೀಸ್ಟಾರ್ಟ್ ಆಗುತ್ತದೆ. ಡಬ್ಬಿಯಲ್ಲಿ ಬಂದ ಅಡಾಪ್ಟರನ್ನೇ ಗೋಡೆಯ ಪ್ಲಗ್‌ಗೆ ಹಾಕಿ.

ಪ್ರಶ್ನೆ: ಮನೆಯಿಂದಲೇ ಆಫೀಸ್ ಕೆಲಸ. 40 ಎಂಬಿಪಿಎಸ್ ಲೈನ್. ಅತ್ತೆಯವರು ಟಿವಿಯಲ್ಲಿ ಧಾರಾವಾಹಿ ಹಾಕಿದಾಗ ನನ್ನ ವಿಡಿಯೊ ಕಾಲ್ ಐದಾರು ಸೆಕೆಂಡಿಗೊಮ್ಮೆ ತಾಳ ಹಾಕಿದ ಹಾಗೆ ಕಡಿಯುತ್ತದೆ. ಲ್ಯಾಪ್‌ಟಾಪ್ ಕೇಬಲ್‌ನಲ್ಲೇ ಇದೆ, ಆದರೂ ಹೀಗೆ.
— ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ‘ತಾಳ ಹಾಕಿದ ಹಾಗೆ’ ಎಂದಿರಲ್ಲ, ರೋಗದ ಗುರುತೇ ಅದು. ಸ್ಟಿಕ್ ಚಿತ್ರವನ್ನು ಸಮವಾಗಿ ಎಳೆಯುವುದಿಲ್ಲ. ನಳಕ್ಕೆ ನೀರು ಬಂದಾಗ ಪೂರ್ತಿ ತಿರುವಿ ಕೊಡ ತುಂಬಿಕೊಂಡು ಬಂದ್ ಮಾಡುವ ಹಾಗೆ, ಕೆಲವು ಸೆಕೆಂಡಿನ ಚಿತ್ರದ ತುಂಡೊಂದನ್ನು ಲೈನಿನ ಪೂರ್ತಿ ವೇಗದಲ್ಲಿ ಎಳೆದು ಸುಮ್ಮನಾಗುತ್ತದೆ, ಮತ್ತೆ ಎಳೆಯುತ್ತದೆ. ಎಳೆಯುವ ಆ ಅರೆಗಳಿಗೆಯಲ್ಲಿ 40ಕ್ಕೆ 40ನ್ನೂ ಅದೇ ಹಿಡಿಯುತ್ತದೆ. ನಿಮ್ಮ ಕಾಲ್‌ನ ಪ್ಯಾಕೆಟ್‌ಗಳು ಅದರ ಹಿಂದೆ ಸರತಿಯಲ್ಲಿ ನಿಲ್ಲುತ್ತವೆ. ಸರಾಸರಿ ನೋಡಿದರೆ ಟಿವಿ ಬಳಸಿದ್ದು 5 ಎಂಬಿಪಿಎಸ್ ಅಷ್ಟೇ, ಆದ್ದರಿಂದ ಯಾವ ವೇಗದ ಪರೀಕ್ಷೆಯಲ್ಲೂ ಇದು ಸಿಕ್ಕಿಬೀಳುವುದಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ping -t 8.8.8.8 ಎಂದು ಬಿಟ್ಟು ಹತ್ತು ನಿಮಿಷ ನೋಡಿ. ಉತ್ತರ ಬರುವ ಹೊತ್ತು 15-20 ಮಿಲಿಸೆಕೆಂಡ್ ಇದ್ದದ್ದು ತಾಳಕ್ಕೆ ಸರಿಯಾಗಿ ನೂರು ಇನ್ನೂರಕ್ಕೆ ಜಿಗಿದರೆ ಸಂಶಯ ಬೇಡ.

ರೂಟರ್‌ನ ಪುಟದಲ್ಲಿ ‘ಬ್ಯಾಂಡ್‌ವಿಡ್ತ್ ಕಂಟ್ರೋಲ್’ ಅಥವಾ ‘ಕ್ಯೂಒಎಸ್’ ಎಂಬುದು ಇದ್ದರೆ ಸ್ಟಿಕ್ ಒಂದಕ್ಕೆ 15-20 ಎಂಬಿಪಿಎಸ್ ಮಿತಿ ಹಾಕಿ. 4ಕೆ ಚಿತ್ರಕ್ಕೂ ಅಷ್ಟು ಸಾಕು, ನಿಮಗೆ 20 ಉಳಿಯಿತು. ಲೈನ್ ಜೊತೆ ಪುಕ್ಕಟೆ ಕೊಟ್ಟ ರೂಟರ್‌ಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಆಗ ಆ್ಯಪ್‌ನಲ್ಲೇ ಚಿತ್ರದ ಗುಣಮಟ್ಟ ಇಳಿಸಿ. ನೆಟ್‌ಫ್ಲಿಕ್ಸ್‌ನಲ್ಲಿ ಪ್ರತಿ ಪ್ರೊಫೈಲ್‌ಗೂ ಬೇರೆ ಆಯ್ಕೆ ಇದೆ, ‘ಮೀಡಿಯಂ’ ಎಂದರೆ ಗಂಟೆಗೆ ಸುಮಾರು 0.7 ಜಿಬಿ. ಎಳೆಯುವ ಒಂದೊಂದು ತುಂಡೂ ಚಿಕ್ಕದಾಗುವುದರಿಂದ ಕಾಲ್ ಕಡಿಯುವುದೂ ಕಡಿಮೆಯಾಗುತ್ತದೆ. ಅತ್ತೆಯವರಿಗೆ ವ್ಯತ್ಯಾಸ ಕಂಡರೆ ಕೇಳಿ ಬದಲಿಸಬಹುದು.

ಪ್ರಶ್ನೆ: ಹಳೇ ಹೆಂಚಿನ ಮನೆ, ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ. ರೂಟರ್ ಪಡಸಾಲೆಯಲ್ಲಿ, ಟಿವಿ ಎರಡು ಕೋಣೆ ದಾಟಿ ಒಳಗೆ. 5 ಗಿಗಾಹರ್ಟ್ಸ್ ಅಲ್ಲಿಗೆ ಬರುವುದೇ ಇಲ್ಲ. ರಿಪೀಟರ್ ಹಾಕಿದೆವು, ಸಿಗ್ನಲ್ ಕಡ್ಡಿ ತುಂಬಿ ತೋರಿಸುತ್ತದೆ, ಚಿತ್ರ ಮಾತ್ರ ನಿಂತು ನಿಂತು ಬರುತ್ತದೆ.
— ಮಾಳಮಡ್ಡಿ, ಧಾರವಾಡ

ಉತ್ತರ: ಕಡ್ಡಿ ತೋರಿಸುವುದು ಸ್ಟಿಕ್‌ಗೂ ರಿಪೀಟರ್‌ಗೂ ನಡುವಿನ ನಂಟನ್ನು. ರಿಪೀಟರ್‌ಗೂ ರೂಟರ್‌ಗೂ ನಡುವೆ ಅದೇ ಕಲ್ಲಿನ ಗೋಡೆ ಇದ್ದೇ ಇದೆ. ಜೊತೆಗೆ ಅಗ್ಗದ ರಿಪೀಟರ್ ಒಂದೇ ರೇಡಿಯೊದಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಅರ್ಧಕ್ಕೆ ಬೀಳುತ್ತದೆ. ಇಂಥ ಮನೆಗೆ ನಮ್ಮ ಸಲಹೆ ಒಂದೇ, ಕೇಬಲ್ ಎಳೆಯಿರಿ. ಹಣ ಇದ್ದರೂ ಮೆಶ್ (ಕೋಣೆಗೊಂದು ಡಬ್ಬಿ ಇಟ್ಟು ಒಂದೇ ವೈಫೈ ಹಬ್ಬಿಸುವುದು) ಎಂದು ಹೋಗಬೇಡಿ. ಮೆಶ್‌ನ ಡಬ್ಬಿಗಳೂ ಇದೇ ಗೋಡೆಯ ಆಚೀಚೆ ಗಾಳಿಯಲ್ಲೇ ಮಾತಾಡಬೇಕು.

ಕ್ಯಾಟ್ 6 ಅಥವಾ ಕ್ಯಾಟ್ 5ಇ ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ‘ಸಿಸಿಎ’ ಎಂದು ಬರೆದಿದ್ದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಮೂಲೆಯಲ್ಲಿ ಬಗ್ಗಿಸಿದರೆ ಮುರಿಯುತ್ತದೆ. ಬ್ಲೇಡಿನಿಂದ ತಂತಿಯ ತುದಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ. ಚೌಕಟ್ಟಿನ ಬದಿಗೆ 8 ಮಿಲಿಮೀಟರ್ ತೂತು ಸಾಕು, ಆದರೆ ಕೇಬಲ್ ತೂರಿಸಿದ ಮೇಲೆ ಕನೆಕ್ಟರ್ ಹಾಕಿಸಿ. ಮೊದಲೇ ಹಾಕಿಸಿದರೆ ಅದರ ತಲೆ ಹಿಡಿಯಲು ತೂತು ಸುಮಾರು ದುಪ್ಪಟ್ಟು ಅಗಲ ಬೇಕಾಗುತ್ತದೆ. ತಂತಿಗಳ ಕ್ರಮ ಎರಡೂ ತುದಿಗೆ ಒಂದೇ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕೇಬಲನ್ನು ಹೆಂಚಿನ ಮೇಲಿಂದ ಹಾಯಿಸಬೇಡಿ, ಅಡ್ಡಮಳೆಯ ಸಿಡಿಲಿಗೆ ಎರಡೂ ತುದಿಯ ಸಾಮಾನು ಸುಟ್ಟುಹೋಗಬಹುದು.

ಟಿವಿಯಲ್ಲೇ ಆ್ಯಪ್‌ಗಳಿದ್ದರೆ ಕೇಬಲ್ ನೇರ ಟಿವಿಗೆ ಹಾಕಿ. ಸ್ಟಿಕ್‌ಗಾದರೆ ಈಥರ್ನೆಟ್ ಅಡಾಪ್ಟರ್ ಬೇಕು. ಫೈರ್ ಟಿವಿಗೆ ಅಮೆಜಾನ್ ಮಾರುವ ಅಡಾಪ್ಟರ್‌ನ ಮಿತಿ 100 ಎಂಬಿಪಿಎಸ್, ಹೆಚ್ಚಿನ ಟಿವಿಗಳ ಪೋರ್ಟ್‌ನದೂ ಅಷ್ಟೇ. ಚಿತ್ರ ನೋಡಲು ಅದು ಬೇಕಾದಷ್ಟಾಯಿತು.

ಒಳಕೋಣೆಯಲ್ಲಿ ಮೊಬೈಲಿಗೂ ವೈಫೈ ಬೇಕಿದ್ದರೆ ಕೇಬಲ್‌ನ ತುದಿಗೆ ಹಳೆಯ ರೂಟರ್ ಒಂದನ್ನು ಹಾಕಿ. ಇಲ್ಲೊಂದು ಕ್ರಮ ತಪ್ಪಬಾರದು. ಮೊದಲು ಹಳೆಯ ರೂಟರನ್ನು ಲ್ಯಾಪ್‌ಟಾಪ್‌ಗೆ ಮಾತ್ರ ಜೋಡಿಸಿ ಅದರ ಲ್ಯಾನ್ ವಿಳಾಸವನ್ನು 192.168.1.2 ಮಾಡಿ (ಪಡಸಾಲೆಯದು 192.168.1.1 ಆಗಿದ್ದರೆ), ಅದರ ಡಿಎಚ್‌ಸಿಪಿ (ಸಾಧನಗಳಿಗೆ ತಾನೇ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಆಮೇಲೆ ಕೇಬಲನ್ನು ಅದರ ಲ್ಯಾನ್ ಪೋರ್ಟ್‌ಗೆ ಹಾಕಿ, ಹೊರಗಿನ ಲೈನ್ ಹಾಕುವ ವ್ಯಾನ್ ಪೋರ್ಟ್‌ಗಲ್ಲ. ವಿಳಾಸ ಬದಲಿಸದೆ ಹಾಕಿದರೆ ಒಂದೇ ಮನೆಗೆ ಇಬ್ಬರು ಯಜಮಾನರಾಗಿ ಎಲ್ಲರ ನೆಟ್ಟೂ ನಿಲ್ಲುತ್ತದೆ. 2.4ರ ಚಾನೆಲ್ ಪಡಸಾಲೆಯದು 1 ಇದ್ದರೆ ಒಳಗಿನದು 6 ಅಥವಾ 11, ಅಗಲ 20 ಮೆಗಾಹರ್ಟ್ಸ್.

ಪ್ರಶ್ನೆ: ಕರೆಂಟ್ ಹೋಗಿ ಬಂದಾಗೆಲ್ಲಾ ಟಿವಿ ಮ್ಯಾಲ ‘ಇಂಟರ್‌ನೆಟ್ ಇಲ್ಲ’ ಅಂತ ಬರತೈತಿ. ಮೊಬೈಲ್‌ನಾಗ ನೆಟ್ ಛಲೋ ಓಡ್ತಿರತೈತಿ. ಸ್ಟಿಕ್ ಕಿತ್ತು ಮತ್ತ ಹಾಕಿದ್ರ ಸರಿ ಆಗತೈತಿ. ದಿನಾ ಇದ ಗೋಳು.
— ಬೆಟಗೇರಿ, ಗದಗ

ಉತ್ತರ: ಏಳುವ ಹೊತ್ತಿನ ಹೆಚ್ಚುಕಡಿಮೆ ಅಷ್ಟೇ. ಸ್ಟಿಕ್ ಒಂದು ನಿಮಿಷದೊಳಗೆ ಎದ್ದು ನೆಟ್ ಹುಡುಕುತ್ತದೆ, ಫೈಬರ್‌ನ ಡಬ್ಬಿಗೆ ಎದ್ದು ಲೈನ್ ಹಿಡಿಯಲು ಎರಡು ಮೂರು ನಿಮಿಷ ಬೇಕು. ವಿಳಾಸ ಕೊಡುವವರು ಯಾರೂ ಸಿಗದೆ ಸ್ಟಿಕ್ ಕೈಚೆಲ್ಲುತ್ತದೆ. ಕೆಲವು ಸಾಧನಗಳು 169.254ರಿಂದ ಶುರುವಾಗುವ ವಿಳಾಸವನ್ನು ತಾವೇ ಹಾಕಿಕೊಳ್ಳುತ್ತವೆ. ನೆಟ್‌ವರ್ಕ್ ಪುಟದಲ್ಲಿ ಅದು ಕಂಡರೆ ಕಾರಣ ಇದೇ. ಇನ್ನೊಂದಿದೆ: ಸ್ಟಿಕ್‌ನೊಳಗೆ ಗಡಿಯಾರ ಕಾಯುವ ಬ್ಯಾಟರಿ ಇರುವುದಿಲ್ಲ, ಎದ್ದ ಮೇಲೆ ನೆಟ್‌ನಿಂದಲೇ ತಾರೀಖು ಕೇಳಬೇಕು. ತಾರೀಖು ತಪ್ಪಿದ್ದರೆ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳು ಒಪ್ಪಿಗೆಯಾಗದೆ ಆ್ಯಪ್‌ಗಳು ತೆರೆಯುವುದಿಲ್ಲ.

ಕಿತ್ತು ಹಾಕುತ್ತಿದ್ದರೆ ಎಚ್‌ಡಿಎಂಐ ಪೋರ್ಟ್ ಸಡಿಲಾಗುತ್ತದೆ. ಫೈರ್ ಟಿವಿ ಆದರೆ ರಿಮೋಟ್‌ನ ನಡುಗುಂಡಿ ಮತ್ತು ಪ್ಲೇ/ಪಾಸ್ ಎರಡನ್ನೂ ಒಟ್ಟಿಗೆ ರೀಸ್ಟಾರ್ಟ್ ಆಗುವವರೆಗೆ ಹಿಡಿದರೆ ಸಾಕು. ಕಾಯಂ ಪರಿಹಾರವೆಂದರೆ ಫೈಬರ್ ಡಬ್ಬಿಗೆ ಮಿನಿ ಯುಪಿಎಸ್. ಕೊಳ್ಳುವ ಮುಂಚೆ ಡಬ್ಬಿಯ ಅಡಾಪ್ಟರ್ ಮೇಲಿನ ಚೀಟಿ ಓದಿ, ಸಾಮಾನ್ಯವಾಗಿ 12 ವೋಲ್ಟ್, 1 ಅಥವಾ 1.5 ಆಂಪಿಯರ್ ಇರುತ್ತದೆ. ಕೆಲವು ಹಳೆಯ ರೂಟರ್‌ಗಳು 9 ವೋಲ್ಟ್‌ನವು, ಅವಕ್ಕೆ 12 ಕೊಟ್ಟರೆ ಸುಡಬಹುದು. ಪಿನ್ನಿನ ಹೊರಗಾತ್ರ 5.5 ಮಿಲಿಮೀಟರ್ ಒಂದೇ ಆದರೂ ಒಳತೂತು 2.1 ಮತ್ತು 2.5 ಎಂದು ಎರಡು ಬಗೆ. ತಪ್ಪು ಪಿನ್ ಸಡಿಲವಾಗಿ ಕೂತು ಅಲುಗಾಡಿದಾಗೆಲ್ಲ ನೆಟ್ ಹೋಗುತ್ತದೆ.

‘10,000 ಎಂಎಎಚ್’ ಎಂಬ ದೊಡ್ಡಕ್ಷರಕ್ಕೆ ಮರುಳಾಗಬೇಡಿ, ಅದು 3.7 ವೋಲ್ಟ್‌ನ ಲೆಕ್ಕ. 37 ವ್ಯಾಟ್-ಅವರ್ ಆಯಿತು, 12ಕ್ಕೆ ಏರಿಸುವಾಗ ಒಂದಿಷ್ಟು ಸೋರಿಹೋಗಿ, 8 ವ್ಯಾಟ್ ತಿನ್ನುವ ಡಬ್ಬಿಗೆ ಮೂರೂವರೆ ತಾಸು ಬಂದರೆ ಹೆಚ್ಚು. ಅಷ್ಟಿದ್ದರೆ ನಿಮಗೆ ಸಾಕು.

ಪ್ರಶ್ನೆ: ಎಲ್ಲ ಚಾನೆಲ್ ಪುಕ್ಕಟೆ ಬರುತ್ತವೆ ಎಂದು ಒಂದು ಅಗ್ಗದ ಆ್ಯಂಡ್ರಾಯ್ಡ್ ಬಾಕ್ಸ್ ತಂದೆವು. ಅಂದಿನಿಂದ ರಾತ್ರಿ ಎಲ್ಲರೂ ಮಲಗಿದ ಮೇಲೂ ರೂಟರ್‌ನ ದೀಪ ಪಟಪಟ ಹೊಡೆದುಕೊಳ್ಳುತ್ತದೆ, ನೆಟ್ ಮಂದವಾಗಿದೆ.
— ರಾಣೆಬೆನ್ನೂರು

ಉತ್ತರ: ಮೊದಲು ನಿರಪಾಯದ ಕಾರಣ ನೋಡೋಣ. ಟಿವಿ ಬಂದ್ ಮಾಡಿದರೂ ಬಾಕ್ಸ್ ಬಂದ್ ಆಗಿರುವುದಿಲ್ಲ. ಲೈವ್ ಚಾನೆಲ್ ಹಾಕಿ ಟಿವಿ ಮಾತ್ರ ಆರಿಸಿದರೆ ಬೆಳಗಿನವರೆಗೂ ಕತ್ತಲಲ್ಲಿ ಚಿತ್ರ ಓಡುತ್ತಲೇ ಇರುತ್ತದೆ. ಎಚ್‌ಡಿ ಆದರೆ ಗಂಟೆಗೆ 2-3 ಜಿಬಿ. ಮಲಗುವ ಮುನ್ನ ಆ್ಯಪ್‌ನಿಂದ ಹೊರಬಂದು ಬಾಕ್ಸನ್ನೂ ಆರಿಸಿ. ದೀಪ ಆಗಲೂ ಕುಣಿಯುತ್ತಿದ್ದರೆ ವಿಷಯ ಬೇರೆ.

ಇಂಥ ಬಾಕ್ಸ್‌ಗಳೊಳಗೆ ನುಸುಳಿದ ‘ಬ್ಯಾಡ್‌ಬಾಕ್ಸ್ 2.0’ ಎಂಬ ಕಳ್ಳ ಜಾಲದ ಬಗ್ಗೆ ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಎಚ್ಚರಿಕೆ ಕೊಟ್ಟಿತು. ಮರು ತಿಂಗಳು ಗೂಗಲ್ ನ್ಯಾಯಾಲಯಕ್ಕೆ ಹೋದಾಗ ಹೇಳಿದ ಲೆಕ್ಕ: ಇಂಥ ಪ್ರಮಾಣೀಕರಿಸದ ಸಾಧನಗಳು ಒಂದು ಕೋಟಿಗೂ ಹೆಚ್ಚು. ಕಾರ್ಖಾನೆಯಿಂದ ಬರುವಾಗಲೇ, ಇಲ್ಲವೇ ಮೊದಲ ಸಲ ಆ್ಯಪ್ ಇಳಿಸುವಾಗ, ಒಳಗೆ ಕಳ್ಳ ತಂತ್ರಾಂಶ ಸೇರಿಕೊಂಡಿರುತ್ತದೆ. ನಿಮ್ಮ ಮನೆಯ ನೆಟ್ಟನ್ನು ಬೇರೆಯವರಿಗೆ ಬಾಡಿಗೆಗೆ ಬಿಡುವುದು ಅದರ ಒಂದು ದಂಧೆ. ಯಾರೋ ಎಲ್ಲೋ ಕೂತು ಮಾಡಿದ ಕಳ್ಳ ಕೆಲಸ ನಿಮ್ಮ ವಿಳಾಸದಿಂದ ಹೋದಂತೆ ಕಾಣುತ್ತದೆ.

ಬಾಕ್ಸ್‌ನ ಪ್ಲೇ ಸ್ಟೋರ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್‌ಗೆ ಹೋಗಿ ಗೂಗಲ್‌ನ ‘ಪ್ಲೇ ಪ್ರೊಟೆಕ್ಟ್’ ಪ್ರಮಾಣೀಕರಣ ಇದೆಯೇ ನೋಡಿ. ‘ಪ್ರಮಾಣೀಕರಿಸಿಲ್ಲ’ ಎಂದಿದ್ದರೆ, ಅಥವಾ ಪ್ಲೇ ಸ್ಟೋರ್ ಬದಲು ಬೇರಾವುದೋ ಅಂಗಡಿ ಇದ್ದರೆ ಸಂಶಯ ಗಟ್ಟಿಯಾಯಿತು. ರೂಟರ್‌ನಲ್ಲಿ ಸಾಧನವಾರು ಲೆಕ್ಕ ಸಿಗುವುದಾದರೆ ಆ ಬಾಕ್ಸ್‌ನ ಅಪ್‌ಲೋಡ್ ಗಮನಿಸಿ. ಚಿತ್ರ ನೋಡುವ ಬಾಕ್ಸ್ ಒಳಗೆ ಎಳೆಯಬೇಕು, ಜಿಬಿಗಟ್ಟಲೆ ಹೊರಗೆ ಕಳಿಸಲು ಅದಕ್ಕೇನು ಕೆಲಸ? ಫ್ಯಾಕ್ಟರಿ ರೀಸೆಟ್ ನಂಬಬೇಡಿ, ಬಾಕ್ಸ್‌ನ ಮೂಲ ತಂತ್ರಾಂಶವಾದ ಫರ್ಮ್‌ವೇರ್‌ನಲ್ಲೇ ಕೂತದ್ದು ಅದರಿಂದ ಹೋಗುವುದಿಲ್ಲ. ಬಾಕ್ಸ್ ಕಿತ್ತಿಡಿ, ವೈಫೈ ಮತ್ತು ರೂಟರ್ ಎರಡರ ಪಾಸ್‌ವರ್ಡನ್ನೂ ಬದಲಿಸಿ, ಆ ಬಾಕ್ಸ್‌ನಲ್ಲಿ ಲಾಗಿನ್ ಆಗಿದ್ದ ಗೂಗಲ್ ಖಾತೆಯದನ್ನೂ ಬದಲಿಸಿ. ಕೊಟ್ಟ ರೊಕ್ಕ ಹೋಯಿತು ಅಂದುಕೊಳ್ಳಿ.

ಪ್ರಶ್ನೆ: ಮೊಬೈಲ್‌ನಿಂದ ಟಿವಿಗೆ ಕಾಸ್ಟ್ ಮಾಡುತ್ತೇವೆ. ಕೆಲವೊಮ್ಮೆ ಟಿವಿ ಹಚ್ಚಿದಾಗ ರೂಟರ್ರೇ ಸತ್ತ ಹಾಗಾಗುತ್ತದೆ, ಆರಿಸಿ ಹಚ್ಚುವವರೆಗೆ ಯಾರಿಗೂ ನೆಟ್ ಇಲ್ಲ. ಒಂದು ಸಾಧನದಿಂದ ರೂಟರ್ ಬೀಳುವುದು ಸಾಧ್ಯವೇ?
— ನವನಗರ, ಹುಬ್ಬಳ್ಳಿ

ಉತ್ತರ: ಸಾಧ್ಯ, ಆಗಿದ್ದೂ ಉಂಟು. ಕಾಸ್ಟ್ ಇರುವ ಸಾಧನಗಳು ‘ನಾನಿಲ್ಲಿದ್ದೇನೆ’ ಎಂದು 20 ಸೆಕೆಂಡಿಗೊಮ್ಮೆ ಸಣ್ಣ ಪ್ಯಾಕೆಟ್ ಕೂಗಿ ಹೇಳುತ್ತವೆ. 2018ರ ಜನವರಿಯಲ್ಲಿ ಬಯಲಾದ ದೋಷದಲ್ಲಿ, ನಿದ್ದೆಯಿಂದ ಎದ್ದ ಸಾಧನ ಮಲಗಿದ್ದಾಗ ಹೇಳದೆ ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡುತ್ತಿತ್ತು. ಒಂದು ಲಕ್ಷಕ್ಕೂ ಹೆಚ್ಚು ಪ್ಯಾಕೆಟ್ ಆಗಬಹುದೆಂದು ಟಿಪಿ-ಲಿಂಕ್ ಹೇಳಿತ್ತು. ರೂಟರ್‌ನ ನೆನಪು ತುಂಬಿ ಅದು ನಿಂತೇಹೋಗುತ್ತಿತ್ತು. ಗೂಗಲ್ ಅದೇ ತಿಂಗಳು ಪ್ಲೇ ಸರ್ವಿಸಸ್ ಅಪ್‌ಡೇಟ್ ಕೊಟ್ಟು ಸರಿಪಡಿಸಿತು. ಹಾಗಾಗಿ ಇಂದು ಆ ದೋಷವೇ ಇರುವ ಸಂಭವ ಕಡಿಮೆ. ಆದರೂ ಟಿವಿ, ಮೊಬೈಲ್, ರೂಟರ್ ಮೂರರ ಅಪ್‌ಡೇಟನ್ನೂ ಒಮ್ಮೆ ಮುಗಿಸಿಕೊಳ್ಳಿ.

ನಿಮ್ಮಲ್ಲಿ ಹೆಚ್ಚು ಸಂಭವ ಎರಡಕ್ಕೆ. ಟಿವಿಗೆ ಯಾರಾದರೂ ಕೈಯಿಂದ ಐಪಿ ವಿಳಾಸ ತುಂಬಿದ್ದಾರೆಯೇ ನೋಡಿ. ತಪ್ಪಿ ರೂಟರ್‌ನ ವಿಳಾಸವನ್ನೇ ತುಂಬಿದ್ದರೆ ಟಿವಿ ಹಚ್ಚಿದಾಗ ಎಲ್ಲ ಸಾಧನಗಳೂ ಟಿವಿಯನ್ನೇ ರೂಟರ್ ಎಂದು ನಂಬಿ ಕೂಡುತ್ತವೆ. ಅದನ್ನು ಡಿಎಚ್‌ಸಿಪಿಗೆ ಬದಲಿಸಿದರೆ ಮುಗಿಯಿತು. ಇಲ್ಲವೇ ಅದೇ ಲೈನಿನಲ್ಲಿ ಐಪಿಟಿವಿ (ನೆಟ್ ಲೈನಿನಲ್ಲೇ ಟಿವಿ ಚಾನೆಲ್ ತರುವ) ಬಾಕ್ಸ್ ಇದೆಯೇ? ಅದರ ಚಿತ್ರ ಮಲ್ಟಿಕಾಸ್ಟ್ ಆಗಿ, ಅಂದರೆ ಹಲವರಿಗೆ ಒಟ್ಟಿಗೇ ಕಳಿಸುವ ಬಗೆಯಲ್ಲಿ ಬಂದರೆ, ಕೇಳಿದವರಿಗಷ್ಟೇ ಅದನ್ನು ತಲುಪಿಸುವ ‘ಐಜಿಎಂಪಿ ಸ್ನೂಪಿಂಗ್’ ಆಫ್ ಇರುವ ರೂಟರ್ ಅದನ್ನು ವೈಫೈಗೂ ಸುರಿಯುತ್ತದೆ, ಅದೂ 1 ಅಥವಾ 6 ಎಂಬಿಪಿಎಸ್‌ನ ತೀರಾ ನಿಧಾನ ವೇಗದಲ್ಲಿ. ಬಾಕ್ಸ್‌ನ ಕೇಬಲ್ ಕಿತ್ತಾಗ ವೈಫೈಗೆ ಜೀವ ಬಂದರೆ ಸ್ನೂಪಿಂಗ್ ಆನ್ ಮಾಡಿ.

ಪ್ರಶ್ನೆ: ಅಮೆರಿಕದಿಂದ ಮಗಳು ತಂದ ಸ್ಟಿಕ್‌ಗೆ ನಮ್ಮ ವೈಫೈ ಹೆಸರೇ ಕಾಣುವುದಿಲ್ಲ. ಮೊಬೈಲ್‌ಗಳಿಗೆ ಕಾಣುತ್ತದೆ.
— ಬ್ಯಾಡಗಿ

ಉತ್ತರ: ರೂಟರ್ ‘ಆಟೊ’ದಲ್ಲಿದ್ದು 12 ಅಥವಾ 13ನೇ ಚಾನೆಲ್ ಹಿಡಿದಿರಬೇಕು. ಇಲ್ಲಿ 13ರವರೆಗೆ ಬಳಸಬಹುದು, ಅಲ್ಲಿಯ ಸಾಧನಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. 2.4ರಲ್ಲಿ 1, 6 ಅಥವಾ 11ನ್ನು, 5 ಗಿಗಾಹರ್ಟ್ಸ್‌ನಲ್ಲಿ 36ರಿಂದ 48ರೊಳಗಿನ ಚಾನೆಲ್ಲನ್ನು ಕೈಯಿಂದ ಕೊಡಿ. ಹೆಸರು ಕಂಡೂ ಪಾಸ್‌ವರ್ಡ್ ಒಪ್ಪದಿದ್ದರೆ ಭದ್ರತೆಯನ್ನು ಡಬ್ಲ್ಯುಪಿಎ3 ಮಿಶ್ರದಿಂದ ಡಬ್ಲ್ಯುಪಿಎ2 ಎಇಎಸ್‌ಗೆ ಇಳಿಸಿ. ಅಡಾಪ್ಟರ್ ಮೇಲೆ 100-240 ವೋಲ್ಟ್ ಎಂದಿದ್ದರೆ ಇಲ್ಲಿಯ ಕರೆಂಟಿಗೆ ತೊಂದರೆಯಿಲ್ಲ. ಚಪ್ಪಟೆ ಪಿನ್ನಿಗೆ ಗಟ್ಟಿಯಾದ ಕನ್ವರ್ಟರ್ ಹಾಕಿ, ಇಲ್ಲವೇ 5 ವೋಲ್ಟ್ 1 ಆಂಪಿಯರ್‌ನ ಇಲ್ಲಿಯದೇ ಚಾರ್ಜರ್ ಬಳಸಿ.